ಹಿಪ್ಪುನೇರಳೆಯ ನಾಡಿಗೆ ಬಂದ ಷೇಕ್ಸ್‌ಪಿಯರನ ನೇಕಾರ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಸುತ್ತಮುತ್ತಲಿನ ಹಳ್ಳಿಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಕಾಲೇಜಿನ ಮೆಟ್ಟಿಲು ಹತ್ತಿದ ವಿದ್ಯಾರ್ಥಿಯೊಬ್ಬ ಮೊದಲ ಬಾರಿಗೆ ಷೇಕ್ಸ್‌ಪಿಯರನ ಹಾಸ್ಯ ನಾಟಕವೊಂದನ್ನು ಪಾಠವಾಗಿ ಓದಬೇಕಾಗಿ ಬಂದರೆ ಏನಾಗುತ್ತದೆ? ಸಾಮಾನ್ಯವಾಗಿ ಆಗುವುದು ಇಷ್ಟು: ಪುಸ್ತಕದ ಎಡಪುಟದಲ್ಲಿ ನಾಟಕ, ಬಲಪುಟದಲ್ಲಿ ಟಿಪ್ಪಣಿ. ಎಡಗಣ್ಣು ಒಂದರಲ್ಲಿ, ಬಲಗಣ್ಣು ಇನ್ನೊಂದರಲ್ಲಿ. ಹಾಸ್ಯ ಎಲ್ಲಿದೆ ಎಂಬುದನ್ನು ಟಿಪ್ಪಣಿಯೇ ತಿಳಿಸುತ್ತದೆ. ವಿದ್ಯಾರ್ಥಿ ಅದಕ್ಕೆ ಗೆರೆ ಎಳೆಯುತ್ತಾನೆ. ನಗುವುದಿಲ್ಲ. ಪರೀಕ್ಷೆಯಲ್ಲಿ ಮಾತ್ರ 'ಈ ನಾಟಕದ ಹಾಸ್ಯವನ್ನು ವಿವರಿಸಿ' ಎಂಬ ಪ್ರಶ್ನೆಗೆ ನಾಲ್ಕು ಪುಟ ಉತ್ತರ ಬರೆಯುತ್ತಾನೆ.

ನಗೆ ಬಾರದ ಹಾಸ್ಯವನ್ನು ಬಾಯಿಪಾಠ ಮಾಡುವುದಕ್ಕಿಂತ ದೊಡ್ಡ ಶಿಕ್ಷೆ ಇನ್ನೊಂದಿಲ್ಲ. ಆದರೆ ಇದರಲ್ಲಿ ವಿದ್ಯಾರ್ಥಿಯ ತಪ್ಪೇನೂ ಇಲ್ಲ. ನಾಟಕದ ತಪ್ಪೂ ಇಲ್ಲ. ನಾವು ಅವನನ್ನು ನಾಟಕದೊಳಗೆ ಯಾವ ಬಾಗಿಲಿನಿಂದ ಕರೆದೊಯ್ಯುತ್ತಿದ್ದೇವೆ ಎಂಬುದೇ ಮುಖ್ಯ ಪ್ರಶ್ನೆ. ಈ ಮಾತನ್ನು ಒಂದೇ ನಾಟಕವನ್ನು ಮುಂದಿಟ್ಟುಕೊಂಡು ಪರಿಶೀಲಿಸೋಣ. ಅದು 'ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್', ಅಂದರೆ ನಡುಬೇಸಗೆಯ ಒಂದು ಇರುಳಿನ ಕನಸು. 1595-96ರ ಸುಮಾರಿಗೆ ರಚಿತವಾದ ಈ ನಾಟಕ 1600ರಲ್ಲಿ ಮೊದಲ ಬಾರಿಗೆ ಅಚ್ಚಾಯಿತು. ಇದನ್ನೇ ಆರಿಸಿಕೊಳ್ಳಲು ಕಾರಣವಿದೆ. ಇದನ್ನು ಕನ್ನಡಕ್ಕೆ ತಂದವರಲ್ಲಿ ಒಬ್ಬರು ಇದೇ ನೆಲದಲ್ಲಿ, ದೇವನಹಳ್ಳಿಯಲ್ಲಿ ಹುಟ್ಟಿದವರು.

ಶೀರ್ಷಿಕೆಯೇ ನಮ್ಮ ವಿದ್ಯಾರ್ಥಿಗೆ ಮೊದಲ ತೊಡಕು. ನಮಗೆ ನಡುಬೇಸಗೆ ಎಂದರೆ ಏಪ್ರಿಲ್ ತಿಂಗಳ ಉರಿ, ಬತ್ತಿದ ಕೆರೆ, ನಿದ್ದೆ ಬಾರದ ರಾತ್ರಿ. ಇಂಗ್ಲೆಂಡಿನವರಿಗೆ ಅದು ಜೂನ್ ಕೊನೆಯ ಹಿತವಾದ ಹಬ್ಬದಿರುಳು. ಆ ಹೊತ್ತಿಗೆ ನಮ್ಮಲ್ಲಿ ಮಳೆಗಾಲ ಶುರುವಾಗಿ, ರೈತ ರಾಗಿ ಬಿತ್ತನೆಗೆ ಮೋಡ ನೋಡುತ್ತಿರುತ್ತಾನೆ. ಇಷ್ಟನ್ನು ಮೊದಲ ದಿನವೇ ಹೇಳಿಬಿಟ್ಟರೆ ಅರ್ಧ ಗೊಂದಲ ಕಳೆಯುತ್ತದೆ. ಹೇಳದಿದ್ದರೆ, ಸುಡುವ ಸೆಕೆಯಲ್ಲಿ ಈ ಪ್ರೇಮಿಗಳು ಕಾಡಿಗೇಕೆ ಓಡಿದರು ಎಂದು ಅವನು ಕೊನೆಯವರೆಗೂ ಯೋಚಿಸುತ್ತಿರುತ್ತಾನೆ.

ಅರ್ಥವಾದ ಮೇಲೂ ನಾಟಕ ಇಷ್ಟವಾಗದಿದ್ದರೆ ವಿದ್ಯಾರ್ಥಿ ಅಂಜಬೇಕಾಗಿಲ್ಲ. ಲಂಡನ್ನಿನ ಪ್ರಸಿದ್ಧ ದಿನಚರಿಕಾರ ಸ್ಯಾಮ್ಯುಯೆಲ್ ಪೀಪ್ಸ್ 1662ರ ಸೆಪ್ಟೆಂಬರ್ 29ರಂದು ಇದೇ ನಾಟಕವನ್ನು ನೋಡಿ ಬಂದು, ಇಷ್ಟು ಸಪ್ಪೆಯಾದ ನಾಟಕವನ್ನು ತಾನು ಜೀವಮಾನದಲ್ಲಿ ಕಂಡಿಲ್ಲ ಎಂಬ ಅರ್ಥದ ಮಾತು ಬರೆದಿಟ್ಟಿದ್ದಾನೆ. ಷೇಕ್ಸ್‌ಪಿಯರನ ಭಾಷೆಯನ್ನೇ ಆಡುತ್ತಿದ್ದವನಿಗೇ ಹಾಗೆನಿಸಿರುವಾಗ, ನಮ್ಮ ಹುಡುಗರಿಗೆ ಮೊದಲ ಓದಿನಲ್ಲೇ ಮೆಚ್ಚಿಗೆ ಹುಟ್ಟಬೇಕೆಂದು ಒತ್ತಾಯಿಸುವುದು ನ್ಯಾಯವಲ್ಲ.

ನಗಿಸುವ ಕಥೆಯಿಂದಲೇ ಆರಂಭ

ಕನ್ನಡಕ್ಕೆ ಷೇಕ್ಸ್‌ಪಿಯರ್ ಬಂದದ್ದು ಗಂಭೀರ ನಾಟಕಗಳ ಮೂಲಕ ಎಂಬ ಭಾವನೆ ಅನೇಕರಲ್ಲಿದೆ. ಚರಿತ್ರೆ ಬೇರೆಯೇ ಹೇಳುತ್ತದೆ. 1871ರಲ್ಲಿ ಚನ್ನಬಸಪ್ಪನವರು 'ಕಾಮಿಡಿ ಆಫ್ ಎರರ್ಸ್' ನಾಟಕವನ್ನು ಕನ್ನಡಕ್ಕೆ ತಂದರು. ಅದಕ್ಕೆ ಅವರಿಟ್ಟ ಹೆಸರು 'ನಗದವರನ್ನು ನಗಿಸುವ ಕಥೆ'. ಕನ್ನಡದಲ್ಲಿ ಷೇಕ್ಸ್‌ಪಿಯರನ ಪ್ರವೇಶವೆಂದು ಸಾಹಿತ್ಯ ಚರಿತ್ರೆಕಾರರು ಗುರುತಿಸುವುದು ಈ ಕೃತಿಯನ್ನೇ. ಆ ಹೆಸರಿನಲ್ಲೇ ಒಂದು ಪಾಠವಿದೆ. ಓದುಗ ಮೊದಲು ನಗಬೇಕು, ಮೂಲದ ಮಹತ್ವವನ್ನು ಆಮೇಲೆ ತಿಳಿದರೂ ಸಾಕು ಎಂದು ಆ ಹಿರಿಯರು ಬಗೆದಿದ್ದರು. ನಾವು ತರಗತಿಯಲ್ಲಿ ಮಾಡುವುದು ಇದರ ತಿರುವುಮುರುವು.

ಹತ್ತೊಂಬತ್ತನೇ ಶತಮಾನ ಮುಗಿದು ಇಪ್ಪತ್ತನೆಯದು ಹುಟ್ಟುತ್ತಿದ್ದ ಸಂಧಿಕಾಲದಲ್ಲಿ ಮೈಸೂರು ಸೀಮೆಯ ಬರಹಗಾರರು ಷೇಕ್ಸ್‌ಪಿಯರನ ನಾಟಕಗಳಿಗೆ ಕನ್ನಡದ ಉಡುಗೆ ತೊಡಿಸಿದರು. 'ಮ್ಯಾಕ್‌ಬೆತ್' ನಾಟಕವನ್ನು 'ಪ್ರತಾಪರುದ್ರದೇವ'ನನ್ನಾಗಿ ಮಾಡಿದ ಎಂ.ಎಲ್. ಶ್ರೀಕಂಠೇಶಗೌಡರೇ ನಡುಬೇಸಗೆಯ ಕನಸನ್ನು 'ಪ್ರಮೀಳಾರ್ಜುನೀಯ'ವನ್ನಾಗಿ ಮಾಡಿದರು. ಇದು ಎಷ್ಟು ಜಾಣತನದ ಆಯ್ಕೆ ಎಂಬುದನ್ನು ಗಮನಿಸಬೇಕು. ಮೂಲ ನಾಟಕದಲ್ಲಿ ಅಥೆನ್ಸಿನ ದೊರೆ ಥೀಸಿಯಸ್, ತಾನು ಯುದ್ಧದಲ್ಲಿ ಗೆದ್ದ ವೀರವನಿತೆಯರ ರಾಣಿ ಹಿಪಾಲಿಟಾಳನ್ನು ಮದುವೆಯಾಗಲು ಹೊರಟಿದ್ದಾನೆ. ಜೈಮಿನಿ ಭಾರತದ ಕಥೆ ಕೇಳಿದ ಕನ್ನಡಿಗನಿಗೆ ಸ್ತ್ರೀರಾಜ್ಯದ ಒಡತಿ ಪ್ರಮೀಳೆಯೂ ಅವಳನ್ನು ವರಿಸಿದ ಅರ್ಜುನನೂ ಆಗಲೇ ಪರಿಚಿತರು. ಗ್ರೀಸಿನ ಹೆಸರುಗಳನ್ನು ಉರುಹೊಡೆಯುವ ಕಷ್ಟವಿಲ್ಲ. ಪ್ರೇಕ್ಷಕ ನೇರವಾಗಿ ಕಥೆಯೊಳಕ್ಕೆ ಇಳಿಯಬಹುದು.

ಮುಂದೆ ಕುವೆಂಪು 'ಟೆಂಪೆಸ್ಟ್' ನಾಟಕವನ್ನು ಆಧರಿಸಿ 'ಬಿರುಗಾಳಿ' ಬರೆದರು. ವೃತ್ತಿ ರಂಗಭೂಮಿಯೂ ಆಮೇಲೆ ಸಿನಿಮಾವೂ ಈ ಹಾಸ್ಯ ನಾಟಕಗಳ ಕಥೆಗಳನ್ನು ಧಾರಾಳವಾಗಿ ಬಳಸಿಕೊಂಡವು. 1989ರ 'ನಂಜುಂಡಿ ಕಲ್ಯಾಣ' ಚಿತ್ರದಲ್ಲಿ ಗಂಡುಬೀರಿ ಹುಡುಗಿಯನ್ನು ನೋಡಿ ನಕ್ಕವರು 'ಟೇಮಿಂಗ್ ಆಫ್ ದ ಶ್ರೂ' ನಾಟಕದ ಕಥೆಗೆ ನಕ್ಕಿದ್ದರು. 1997ರ 'ಉಲ್ಟಾ ಪಲ್ಟಾ' ನೋಡಿದವರು, ಚನ್ನಬಸಪ್ಪನವರು ನೂರಿಪ್ಪತ್ತಾರು ವರ್ಷಗಳ ಹಿಂದೆ ಹೇಳಿದ್ದ ಕಥೆಯನ್ನೇ ಮತ್ತೆ ನೋಡಿದ್ದರು. ಹಾಗೆ ನೋಡಿದರೆ ನಮ್ಮ ವಿದ್ಯಾರ್ಥಿಗೆ ಷೇಕ್ಸ್‌ಪಿಯರ್ ಹೊಸಬನಲ್ಲ. ಹೆಸರು ತಿಳಿಯದೆ ಎಂದೋ ಮಾತನಾಡಿಸಿದ ಹಳೆಯ ಪರಿಚಯಸ್ಥ.

ದೇವನಹಳ್ಳಿಯ ಕವಿ

ರೂಪಾಂತರ ಒಂದು ದಾರಿಯಾದರೆ ಅನುವಾದ ಇನ್ನೊಂದು ದಾರಿ. ಹೆಸರು, ಊರು, ಸಂದರ್ಭಗಳನ್ನು ಹಾಗೆಯೇ ಇಟ್ಟು ಮಾತನ್ನಷ್ಟೇ ಕನ್ನಡವಾಗಿಸುವ ಈ ಕಷ್ಟದ ದಾರಿಯನ್ನು ಹಿಡಿದವರಲ್ಲಿ ಕೆ.ಎಸ್. ನಿಸಾರ್ ಅಹಮದ್ ಒಬ್ಬರು. 'ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್' ಮತ್ತು 'ಒಥೆಲೊ' ಎರಡನ್ನೂ ಅವರು ಕನ್ನಡಿಸಿದರು.

ಕೊಕ್ಕರೆ ಹೊಸಹಳ್ಳಿ ಶೇಖ್ ಹೈದರ್ ನಿಸಾರ್ ಅಹಮದ್ ಹುಟ್ಟಿದ್ದು 1936ರ ಫೆಬ್ರುವರಿ 5ರಂದು, ದೇವನಹಳ್ಳಿಯಲ್ಲಿ. ಅವರ ಹೆಸರಿನೊಳಗೇ ಒಂದು ಹಳ್ಳಿಯಿದೆ. ಕಲಿತದ್ದು ಭೂವಿಜ್ಞಾನ. ಕಾಲೇಜುಗಳಲ್ಲಿ ಕಲಿಸಿದ್ದೂ ಅದನ್ನೇ. 1960ರಲ್ಲಿ 'ಮನಸು ಗಾಂಧಿ ಬಜಾರು' ಕವನ ಸಂಕಲನ ಪ್ರಕಟವಾಯಿತು. 1978ರಲ್ಲಿ 'ನಿತ್ಯೋತ್ಸವ' ಧ್ವನಿಸುರುಳಿ ಹೊರಬಂದು, ಕನ್ನಡ ಭಾವಗೀತೆ ಮನೆಮನೆಗೆ ತಲುಪಿತು. 2006ರಲ್ಲಿ ಶಿವಮೊಗ್ಗದಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 2008ರಲ್ಲಿ ಪದ್ಮಶ್ರೀ ಬಂತು. 2020ರ ಮೇ 3ರಂದು ತೀರಿಕೊಂಡರು. ಇಷ್ಟನ್ನು ಬಹುಪಾಲು ಕನ್ನಡಿಗರು ಬಲ್ಲರು. ಷೇಕ್ಸ್‌ಪಿಯರನ ಅನುವಾದಕರಾಗಿ ಅವರನ್ನು ನೆನೆಯುವವರು ಕಡಿಮೆ.

ನಮಗೆ ಇಲ್ಲಿ ಮುಖ್ಯವಾಗಿ ಕಾಣುವುದು ಬೇರೆ ಒಂದು ಸಂಗತಿ. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು, ಕಾಲೇಜಿನಲ್ಲಿ ಮತ್ತೊಂದು ಎಂಬುದು ನಮ್ಮ ಮುಸ್ಲಿಮ್ ವಿದ್ಯಾರ್ಥಿಗಳ ದಿನನಿತ್ಯದ ಅನುಭವ. ಅದನ್ನು ಕೊರತೆಯೆಂದೇ ಎಣಿಸಿ ಕುಗ್ಗುವವರಿದ್ದಾರೆ. ಮನೆಮಾತು ಉರ್ದು, ಬರೆಯುವ ಭಾಷೆ ಕನ್ನಡ, ಜೀವನೋಪಾಯ ವಿಜ್ಞಾನದ ಪಾಠ, ಎದುರಿಗಿರುವುದು ಇಂಗ್ಲಿಷಿನ ನಾಟಕ. ಇಷ್ಟೆಲ್ಲದರ ನಡುವೆ ನಿಂತ ದೇವನಹಳ್ಳಿಯ ಒಬ್ಬ ವ್ಯಕ್ತಿ ಅದನ್ನೇ ಶಕ್ತಿಯಾಗಿ ಮಾಡಿಕೊಂಡದ್ದನ್ನು ಅವರಿಗೆ ಹೇಳಬೇಕು. ಷೇಕ್ಸ್‌ಪಿಯರನನ್ನು ಓದಲು ಇಂಗ್ಲಿಷ್ ಸಾಹಿತ್ಯದ ಮನೆತನದಲ್ಲೇ ಹುಟ್ಟಬೇಕಾಗಿಲ್ಲ. ಕಲ್ಲುಮಣ್ಣಿನ ಶಾಸ್ತ್ರ ಕಲಿಸಿದವರೂ ಓದಿದರು, ಓದಿ ತಮ್ಮ ಜನರಿಗೆ ಕೊಟ್ಟರು.

ಈ ನಾಟಕವನ್ನು ಅನುವಾದಿಸುವುದು ಸುಲಭವಲ್ಲ. ಇದರಲ್ಲಿ ಮೂರು ನಾಲ್ಕು ಬಗೆಯ ಮಾತುಗಳಿವೆ. ಅರಮನೆಯವರದು ಪ್ರಾಸವಿಲ್ಲದ ಪದ್ಯ. ಪ್ರೇಮಿಗಳು ಮೈಮರೆತಾಗ ಪ್ರಾಸಬದ್ಧ ದ್ವಿಪದಿ. ಕಾಡಿನ ಯಕ್ಷರಿಗೆ ಹಾಡಿನ ಲಯ. ಕಸುಬುದಾರರದು ಬೀದಿಯ ಗದ್ಯ, ಅದೂ ತಪ್ಪುತಪ್ಪಾಗಿ ಉಚ್ಚರಿಸುವ ದೊಡ್ಡ ದೊಡ್ಡ ಶಬ್ದಗಳಿಂದ ತುಂಬಿದ ಗದ್ಯ. ಎಲ್ಲರಿಗೂ ಒಂದೇ ಗ್ರಾಂಥಿಕ ಕನ್ನಡ ಕೊಟ್ಟರೆ ನಾಟಕವೇ ಸತ್ತುಹೋಗುತ್ತದೆ. ಮೂಲವನ್ನೂ ಕನ್ನಡ ಅನುವಾದವನ್ನೂ ಅಕ್ಕಪಕ್ಕ ಇಟ್ಟು ಓದಿದ ವಿದ್ಯಾರ್ಥಿಗೆ, ಯಾರು ಯಾರೊಡನೆ ಹೇಗೆ ಮಾತಾಡುತ್ತಾರೆ ಎಂಬುದರ ಮೇಲೆ ಮೊದಲ ಬಾರಿಗೆ ಕಣ್ಣು ಬೀಳುತ್ತದೆ. ಹಾಸ್ಯ ಶುರುವಾಗುವುದು ಅಲ್ಲಿಂದ.

ಆರು ಮಂದಿ ಕಸುಬುದಾರರು

ಕಥೆಯನ್ನು ಚುಟುಕಾಗಿ ಹೇಳುವುದಾದರೆ ಹೀಗೆ. ಥೀಸಿಯಸ್ ದೊರೆಯ ಮದುವೆಗೆ ನಾಲ್ಕು ದಿನವಿದೆ. ತಾನು ಗೊತ್ತು ಮಾಡಿದ ವರನನ್ನು ಮಗಳು ಒಪ್ಪದಿದ್ದರೆ ಅವಳಿಗೆ ಮರಣದಂಡನೆಯಾಗಲಿ ಎಂದು ತಂದೆಯೊಬ್ಬ ಕಾನೂನು ಹಿಡಿದು ಬಂದು ನಿಲ್ಲುತ್ತಾನೆ. ಮಗಳು ತಾನು ಮೆಚ್ಚಿದವನೊಡನೆ ರಾತ್ರಿ ಕಾಡಿಗೆ ಓಡುತ್ತಾಳೆ. ಇನ್ನೊಂದು ಜೋಡಿ ಅವರ ಬೆನ್ನು ಹತ್ತುತ್ತದೆ. ಕಾಡಿನಲ್ಲಿ ಯಕ್ಷರಾಜನಿಗೂ ರಾಣಿಗೂ ಜಗಳ. ಒಂದು ಹೂವಿನ ರಸದಿಂದ ಯಾರು ಯಾರನ್ನು ಪ್ರೀತಿಸುತ್ತಿದ್ದಾರೆಂಬುದೇ ಅದಲುಬದಲಾಗುತ್ತದೆ. ಬೆಳಗಾದಾಗ ಎಲ್ಲವೂ ಸರಿಹೋಗಿ, ದೊರೆ ತಂದೆಯ ಹಟವನ್ನು ತಳ್ಳಿಹಾಕಿ, ಮೂರು ಮದುವೆಗಳು ಒಟ್ಟಿಗೇ ನಡೆಯುತ್ತವೆ.

ಮಕ್ಕಳ ಪುಸ್ತಕಗಳಲ್ಲಿ ಕಥೆ ಇಷ್ಟಕ್ಕೇ ನಿಲ್ಲುತ್ತದೆ. ಚಾರ್ಲ್ಸ್ ಮತ್ತು ಮೇರಿ ಲ್ಯಾಂಬ್ ಎಂಬ ಅಣ್ಣ ತಂಗಿಯರ ಹಾಗೆ ಒಟ್ಟಾಗಿ ಬಾಳಿದ ತಮ್ಮ ಅಕ್ಕಂದಿರು 1807ರಲ್ಲಿ ಪ್ರಕಟಿಸಿದ ಷೇಕ್ಸ್‌ಪಿಯರ್ ಕಥೆಗಳು ನಮ್ಮ ದೇಶದ ಶಾಲೆಗಳಲ್ಲಿ ತಲೆಮಾರುಗಳ ಕಾಲ ಓದಿಸಲ್ಪಟ್ಟವು. ಅನೇಕರ ಮೊದಲ ಪರಿಚಯ ಆಗಿದ್ದು ಆ ಪುಸ್ತಕದಿಂದಲೇ. ಅದರಲ್ಲಿ ಪ್ರೇಮಿಗಳಿದ್ದಾರೆ, ಯಕ್ಷರಿದ್ದಾರೆ. ಆದರೆ ನಾಟಕದ ಜೀವಾಳವಾದ ಆರು ಮಂದಿ ಕಸುಬುದಾರರೂ ಅವರು ಆಡುವ ನಾಟಕವೂ ಇಲ್ಲ. ಅವರಲ್ಲಿ ಒಬ್ಬ ಮಾತ್ರ, ಹೆಸರಿಲ್ಲದೆ, ಕಾಡಿನಲ್ಲಿ ದಾರಿ ತಪ್ಪಿದ ಹಳ್ಳಿಗನಾಗಿ ಬಂದು ಹೋಗುತ್ತಾನೆ. ದುಡಿಯುವ ಜನರನ್ನು ಕಥೆಯಿಂದ ಅಳಿಸಿಹಾಕಿ ಉಳಿದದ್ದನ್ನೇ ಷೇಕ್ಸ್‌ಪಿಯರ್ ಎಂದು ನಮ್ಮ ಮಕ್ಕಳಿಗೆ ಕೊಟ್ಟದ್ದು ಹೀಗೆ.

ಆ ಆರು ಮಂದಿ ಯಾರು? ಬಡಗಿ ಪೀಟರ್ ಕ್ವಿನ್ಸ್, ಮರ ಜೋಡಿಸುವ ಸ್ನಗ್, ನೇಕಾರ ನಿಕ್ ಬಾಟಮ್, ತಿದಿ ರಿಪೇರಿ ಮಾಡುವ ಫ್ಲೂಟ್, ಪಾತ್ರೆ ರಿಪೇರಿಯ ಸ್ನೌಟ್, ದರ್ಜಿ ಸ್ಟಾರ್ವ್‌ಲಿಂಗ್. ದೊರೆಯ ಮದುವೆಯ ದಿನ ಒಂದು ನಾಟಕ ಆಡಬೇಕೆಂದು ಇವರ ಆಸೆ. ಹಗಲೆಲ್ಲ ದುಡಿಮೆ. ಊರವರು ನೋಡಿ ಗೇಲಿ ಮಾಡಬಾರದೆಂದು ರಾತ್ರಿ ಕಾಡಿನಲ್ಲಿ ತಾಲೀಮು.

ಪ್ರತಿಯೊಬ್ಬರ ಹೆಸರೂ ಅವರವರ ಕಸುಬಿನ ಹೆಸರು. 'ಸ್ನಗ್' ಎಂದರೆ ಬಿಗಿಯಾಗಿ ಕೂತ ಜೋಡಣೆ. 'ಸ್ನೌಟ್' ಎಂಬುದು ಪಾತ್ರೆಯ ಮೂತಿ. 'ಬಾಟಮ್' ಎಂದರೆ ಆ ಕಾಲದ ನೇಕಾರರ ಮಾತಿನಲ್ಲಿ ನೂಲು ಸುತ್ತುವ ಒಳತಿರುಳು. ಇಂಗ್ಲಿಷ್ ಪುಸ್ತಕದ ಟಿಪ್ಪಣಿಯಲ್ಲಿ ಇದು ಒಂದು ಒಣ ಸಾಲು. ದೊಡ್ಡಬಳ್ಳಾಪುರದ ಮಗ್ಗದ ಮನೆಯ ಹುಡುಗಿಗೆ ಟಿಪ್ಪಣಿ ಬೇಕಿಲ್ಲ. ಕಂಡಿಕೆ, ಲಾಳಿ, ಹಾಸು, ಹೊಕ್ಕು ಇವು ಅವಳು ನಿಘಂಟಿನಲ್ಲಿ ಕಲಿತ ಶಬ್ದಗಳಲ್ಲ. ನೇಕಾರನಿಗೆ 'ಕಂಡಿಕೆ' ಎಂದು ಹೆಸರಿಟ್ಟರೆ ಹೇಗೋ ಹಾಗೆ ಇದು ಎಂದು ಹೇಳಿದರೆ, ಲಂಡನ್ನಿನ ವಿದ್ಯಾರ್ಥಿಗಿಂತ ಬೇಗ ಅವಳು ನಗುತ್ತಾಳೆ. ಪಾತ್ರೆ ರಿಪೇರಿಯ ಸ್ನೌಟ್ ನಮ್ಮೂರಿನ ಬೀದಿಗಳಲ್ಲಿ ತಿದಿ ಒತ್ತುತ್ತಾ ತಾಮ್ರ ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ ಕಲಾಯಿ ಸಾಬರ ಹತ್ತಿರದ ನಂಟ. ದರ್ಜಿಯಂತೂ ಪ್ರತಿ ಪೇಟೆಬೀದಿಯಲ್ಲೂ ಇದ್ದಾನೆ. ಈ ತರಗತಿಯಲ್ಲಿ ಕೂತವರು ಇಂಥವರ ಮನೆಗಳಿಂದಲೇ ಬಂದವರು.

ಕಸುಬಿನವರ ರಂಗಭೂಮಿ

ಕೈಕಸುಬಿನವರು ನಾಟಕವಾಡುವುದು ಷೇಕ್ಸ್‌ಪಿಯರನ ಕಲ್ಪನೆಯಲ್ಲ. ಇಂಗ್ಲೆಂಡಿನ ಪಟ್ಟಣಗಳಲ್ಲಿ ಶತಮಾನಗಳ ಕಾಲ ಕಸುಬುದಾರರ ಸಂಘಗಳೇ ಬೈಬಲಿನ ಕಥೆಗಳನ್ನು ಬೀದಿಯಲ್ಲಿ ಆಡುತ್ತಿದ್ದವು. ಯಾರ್ಕ್ ನಗರದಲ್ಲಿ ನೋಹನ ನಾವೆ ಕಟ್ಟುವ ಪ್ರಸಂಗ ಹಡಗು ಕಟ್ಟುವವರ ಪಾಲಿಗೆ, ಕೊನೆಯ ಭೋಜನದ ಪ್ರಸಂಗ ರೊಟ್ಟಿ ಸುಡುವವರ ಪಾಲಿಗೆ. ಕಾವೆಂಟ್ರಿ ನಗರದ ನಾಟಕಗಳಲ್ಲಿ ಇಂದು ಪಠ್ಯ ಉಳಿದಿರುವುದು ಎರಡಕ್ಕೆ ಮಾತ್ರ. ಒಂದು ನೇಕಾರರ ಸಂಘದ್ದು, ಇನ್ನೊಂದು ಉಣ್ಣೆ ಕತ್ತರಿಸುವವರು ಮತ್ತು ದರ್ಜಿಗಳ ಸಂಘದ್ದು. 1579ರಲ್ಲಿ ಕಾವೆಂಟ್ರಿಯ ಈ ನಾಟಕಗಳು ಕೊನೆಗೊಂಡವು. ಆಗ ಷೇಕ್ಸ್‌ಪಿಯರನಿಗೆ ಹದಿನೈದು ವರ್ಷ. ಅವನ ಊರು ಸ್ಟ್ರಾಟ್‌ಫರ್ಡಿನಿಂದ ಕಾವೆಂಟ್ರಿ ಒಂದು ದಿನದ ನಡಿಗೆಯ ದೂರದಲ್ಲಿತ್ತು.

ಷೇಕ್ಸ್‌ಪಿಯರನ ತಂದೆ ಚರ್ಮದ ಕೈಗವಸು ಹೊಲಿಯುವ ಕಸುಬಿನವನು. 1576ರಲ್ಲಿ ಲಂಡನ್ನಿನಲ್ಲಿ 'ದ ಥಿಯೇಟರ್' ಎಂಬ ನಾಟಕಶಾಲೆ ಕಟ್ಟಿಸಿದ ಜೇಮ್ಸ್ ಬರ್ಬೇಜ್ ಮೂಲತಃ ಮರಗೆಲಸದವನು, ಸ್ನಗ್‌ನ ಕಸುಬಿನವನು. ಕೈಗೆ ಕೆಲಸದ ಜಡ್ಡು ಕಟ್ಟಿದ ಜನರ ನಡುವಿನಿಂದಲೇ ಆ ರಂಗಭೂಮಿ ಎದ್ದು ಬಂತು. ಆದ್ದರಿಂದ ಬಾಟಮ್ ಮತ್ತು ಅವನ ಗೆಳೆಯರ ಚಿತ್ರ ದಂತಗೋಪುರದಲ್ಲಿ ಕೂತು ಬಡವರನ್ನು ಅಣಕಿಸಿದವನ ಚಿತ್ರವಲ್ಲ. ತನ್ನವರನ್ನು ತಾನೇ ಬಲ್ಲವನ ಚಿತ್ರ.

ನಮ್ಮ ಭಾಗದಲ್ಲಿ ಇದಕ್ಕೆ ಸಾಟಿಯಾದುದು ಇನ್ನೂ ಜೀವಂತವಾಗಿದೆ. ಬೆಂಗಳೂರು ಸುತ್ತಿನ ಹಳ್ಳಿಗಳಲ್ಲಿ ಜಾತ್ರೆ, ಹಬ್ಬದ ಹೊತ್ತಿಗೆ 'ಕುರುಕ್ಷೇತ್ರ' ಆಡುವವರನ್ನು ನೋಡಿ. ಹಗಲು ಹೊಲದಲ್ಲೋ ಮಗ್ಗದಲ್ಲೋ ಕಾರ್ಖಾನೆಯಲ್ಲೋ ದುಡಿದವರು ರಾತ್ರಿ ಡ್ರಾಮಾ ಮೇಷ್ಟರ ಹಾರ್ಮೋನಿಯಂ ಮುಂದೆ ಕೂತು ತಿಂಗಳುಗಟ್ಟಲೆ ಕಂದಪದ್ಯ ಕಲಿಯುತ್ತಾರೆ. ಬಾಡಿಗೆಗೆ ಸೀನರಿ ಬರುತ್ತದೆ. ನಾಟಕ ಬೆಳಗಿನವರೆಗೂ ನಡೆಯುತ್ತದೆ. ದುರ್ಯೋಧನನ ಪಾತ್ರಕ್ಕೆ ಪೈಪೋಟಿ. ಎಲ್ಲ ಪಾತ್ರವನ್ನೂ ತಾನೇ ಮಾಡುತ್ತೇನೆ ಎನ್ನುವ ಒಬ್ಬ ಉತ್ಸಾಹಿ ಪ್ರತಿ ತಂಡದಲ್ಲೂ ಇರುತ್ತಾನೆ. ಬಾಟಮ್ ಕೂಡ ಹಾಗೆಯೇ. ನಾಯಕನ ಪಾತ್ರ ಸಿಕ್ಕರೂ ಸಾಲದು, ನಾಯಕಿಯ ಪಾತ್ರವೂ ಬೇಕು, ಸಿಂಹದ ಪಾತ್ರವೂ ಬೇಕು ಎನ್ನುತ್ತಾನೆ.

ಒಂದು ವ್ಯತ್ಯಾಸ ಗಮನಾರ್ಹ. ದೊರೆ ಮೆಚ್ಚಿದರೆ ಬಾಟಮ್‌ಗೆ ಜೀವಮಾನವಿಡೀ ದಿನಕ್ಕೆ ಆರು ಪೆನ್ಸ್ ಸಿಗುತ್ತಿತ್ತಲ್ಲಾ ಎಂದು ಅಥೆನ್ಸಿನ ಗೆಳೆಯರು ಲೆಕ್ಕ ಹಾಕುತ್ತಾರೆ. ನಮ್ಮ ಹಳ್ಳಿಯ ಕಲಾವಿದ ಪಾತ್ರಕ್ಕೆ ಇಂತಿಷ್ಟು ಎಂದು ತಾನೇ ಕೈಯಿಂದ ಹಣ ಕೊಟ್ಟು ರಂಗಕ್ಕೆ ಏರುತ್ತಾನೆ. ಒಂದು ರಾತ್ರಿಯ ಕಿರೀಟಕ್ಕಾಗಿ ವರ್ಷದ ಉಳಿತಾಯ ಖರ್ಚು ಮಾಡುವವನ ಆಸೆಯಲ್ಲಿ ನಗೆಪಾಟಲಾಗುವಂಥದ್ದು ಏನಿದೆ?

ತಾಲೀಮಿನ ದೃಶ್ಯಗಳನ್ನು ಈ ಹಿನ್ನೆಲೆಯಲ್ಲಿ ಓದಿದರೆ ಪ್ರತಿ ಮಾತೂ ಗುರುತು ಸಿಗುತ್ತದೆ. ಕಥೆಗೆ ಬೆಳದಿಂಗಳು ಬೇಕು. ಆ ರಾತ್ರಿ ಚಂದ್ರನಿರುತ್ತಾನೋ ಇಲ್ಲವೋ ಎಂದು ಅವರು ಪಂಚಾಂಗ ತೆಗೆದು ನೋಡುತ್ತಾರೆ. ಸಿಂಹ ಗರ್ಜಿಸಿದರೆ ಅರಮನೆಯ ಹೆಂಗಸರು ಬೆದರಿ ತಮ್ಮ ತಲೆಗೆ ಬಂದೀತೆಂಬ ಭಯ. ಅದಕ್ಕೆ ಸಿಂಹವೇ ಮುಂದೆ ಬಂದು, ತಾನು ನಿಜವಾದ ಸಿಂಹವಲ್ಲ, ಮರಗೆಲಸದ ಸ್ನಗ್ ಎಂದು ಹೇಳಬೇಕೆಂದು ತೀರ್ಮಾನ. ಫ್ಲೂಟ್ ತನ್ನ ಮಾತಿನ ಜೊತೆಗೆ ಮುಂದಿನವನ ಸೂಚನೆಯನ್ನೂ ಸೇರಿಸಿ ಒಂದೇ ಉಸಿರಿಗೆ ಒದರಿಬಿಡುತ್ತಾನೆ. ಆ ಕಾಲದಲ್ಲಿ ನಟನ ಕೈಗೆ ಇಡೀ ನಾಟಕವನ್ನು ಕೊಡುತ್ತಿರಲಿಲ್ಲ. ಅವನ ಮಾತು ಮತ್ತು ಅದಕ್ಕೆ ಮುಂಚಿನ ಎರಡು ಮೂರು ಶಬ್ದಗಳನ್ನಷ್ಟೇ ಬರೆದ ಹಾಳೆಯ ಸುರುಳಿ ಸಿಗುತ್ತಿತ್ತು. ಫ್ಲೂಟ್ ಎಡವಿದ್ದು ಅಲ್ಲಿ. ಕ್ವಿನ್ಸ್ ಮುನ್ನುಡಿ ಒಪ್ಪಿಸುವಾಗ ನಿಲ್ಲಬಾರದಲ್ಲಿ ನಿಂತು, ನಿಲ್ಲಬೇಕಾದಲ್ಲಿ ಓಡಿ, ವಿನಯದ ಮಾತನ್ನು ಬೈಗುಳವಾಗಿಸುತ್ತಾನೆ. ಅರ್ಥ ತಿಳಿಯದೆ ಗಟ್ಟಿಯಾಗಿ ಓದುವ ಭಯ ಯಾವ ವಿದ್ಯಾರ್ಥಿಗೆ ತಿಳಿಯದು?

ಸ್ನಗ್‌ನ ಮಾತು ಇನ್ನೂ ಹೃದಯಕ್ಕೆ ಹತ್ತಿರದ್ದು. ಸಿಂಹದ ಪಾತ್ರ ಬರೆದಿದ್ದರೆ ಈಗಲೇ ಕೊಡಿ, ನನಗೆ ಕಲಿಯಲು ತಡವಾಗುತ್ತದೆ ಎಂದು ಅವನು ಸಂಕೋಚದಿಂದ ಕೇಳಿಕೊಳ್ಳುತ್ತಾನೆ. ಬರೆಯುವುದೇನಿಲ್ಲ, ಗರ್ಜಿಸಿದರಾಯಿತು ಎಂದು ಕ್ವಿನ್ಸ್ ಧೈರ್ಯ ಹೇಳುತ್ತಾನೆ. ನಿಧಾನವಾಗಿ ಕಲಿಯುವವನನ್ನು ತಂಡದಿಂದ ಹೊರಗಿಡದೆ ಅವನಿಗೂ ಒಂದು ಪಾತ್ರ ಹುಡುಕಿಕೊಡುವ ಈ ಬಡಗಿ ಒಳ್ಳೆಯ ಮೇಷ್ಟರು. ನಮ್ಮ ತರಗತಿಗಳು ಅವನಿಂದ ಕಲಿಯಬೇಕಾದ್ದು ಬಹಳಷ್ಟಿದೆ.

ಬ್ಯಾಬಿಲೋನಿನ ಹಿಪ್ಪುನೇರಳೆ

ಈ ಕಸುಬುದಾರರು ಆಡುವ ನಾಟಕ ಪಿರಮಸ್ ಮತ್ತು ಥಿಸ್ಬಿಯರದು. ರೋಮ್‌ನ ಕವಿ ಒವಿಡ್ ಹೇಳಿದ ಈ ಕಥೆ ನಡೆಯುವುದು ಬ್ಯಾಬಿಲೋನಿನಲ್ಲಿ, ಅಂದರೆ ಇಂದಿನ ಇರಾಕಿನ ನೆಲದಲ್ಲಿ. ನೆರೆಮನೆಯ ಹುಡುಗ ಹುಡುಗಿ. ಹಿರಿಯರ ವಿರೋಧ. ನಡುಗೋಡೆಯ ಬಿರುಕಿನ ಮೂಲಕ ಪಿಸುಮಾತು. ನಿನಸ್ ದೊರೆಯ ಗೋರಿಯ ಬಳಿ ಭೇಟಿಯಾಗೋಣವೆಂಬ ಒಪ್ಪಂದ. ಸಿಂಹವನ್ನು ಕಂಡು ಓಡಿದ ಹುಡುಗಿ ಬೀಳಿಸಿದ ಮೇಲುಹೊದಿಕೆ ರಕ್ತವಾಗಿರುವುದನ್ನು ನೋಡಿ, ಅವಳು ಸತ್ತಳೆಂದು ಹುಡುಗ ಇರಿ ದುಕೊಳ್ಳುತ್ತಾನೆ. ಅವನನ್ನು ಕಂಡ ಹುಡುಗಿಯೂ ಅದೇ ದಾರಿ ಹಿಡಿಯುತ್ತಾಳೆ. ಲೈಲಾ ಮಜ್ನೂರ ಕಥೆ ಕೇಳಿ ಬೆಳೆದವರಿಗೆ ಈ ಸಂಕಟವನ್ನು ವಿವರಿಸಬೇಕಾಗಿಲ್ಲ.

ಆ ಇಬ್ಬರು ಸತ್ತದ್ದು ಹಿಪ್ಪುನೇರಳೆ ಮರದ ಕೆಳಗೆ. ಅಲ್ಲಿಯವರೆಗೆ ಬೆಳ್ಳಗಿದ್ದ ಹಿಪ್ಪುನೇರಳೆ ಹಣ್ಣು ಅವರ ರಕ್ತ ಸೋಕಿ ಕಡುಗೆಂಪಾಯಿತು ಎನ್ನುತ್ತಾನೆ ಒವಿಡ್. ಷೇಕ್ಸ್‌ಪಿಯರನ ಬಡಗಿಯೂ ತನ್ನ ಮುನ್ನುಡಿಯಲ್ಲಿ ಆ ಮರದ ನೆರಳನ್ನು ಮರೆಯದೆ ಹೇಳುತ್ತಾನೆ.

ಲಂಡನ್ನಿನ ತರಗತಿಯಲ್ಲಿ ಅದು ಯಾವುದೋ ಒಂದು ಮರ. ದೇವನಹಳ್ಳಿ, ಹೊಸಕೋಟೆಗಳ ತರಗತಿಯಲ್ಲಿ ಹಾಗಲ್ಲ. ಇಲ್ಲಿ ಹಿಪ್ಪುನೇರಳೆ ಎಂದರೆ ಹೊಲ, ಹುಳುವಿನ ಮನೆ, ಚಂದ್ರಂಕಿ, ಗೂಡಿನ ಮಾರುಕಟ್ಟೆ. ಮೈಸೂರು ಸೀಮೆಯಲ್ಲಿ ರೇಷ್ಮೆಗೆ ಉತ್ತೇಜನ ಕೊಟ್ಟ ಟಿಪ್ಪು ಸುಲ್ತಾನ್ ಹುಟ್ಟಿದ್ದೂ ಇದೇ ದೇವನಹಳ್ಳಿಯಲ್ಲಿ. ಅದೇ ತಾಲ್ಲೂಕಿನ ವಿಜಯಪುರದಲ್ಲಿ ಗೂಡು ಬೇಯಿಸಿ ನೂಲು ತೆಗೆಯುವ ಕೆಲಸದಲ್ಲಿ ಮುಸ್ಲಿಮ್ ಕುಟುಂಬಗಳಿವೆ. ದೊಡ್ಡಬಳ್ಳಾಪುರದ ಮಗ್ಗಗಳಲ್ಲಿ ರೇಷ್ಮೆ ನೂಲು ಸೀರೆಯಾಗುತ್ತದೆ. ಹಿಪ್ಪುನೇರಳೆಯ ಕಥೆಯನ್ನು ನೇಕಾರನೊಬ್ಬ ನಟಿಸುವುದನ್ನು ಅರ್ಥಮಾಡಿಕೊಳ್ಳಲು ಇದಕ್ಕಿಂತ ತಕ್ಕ ಊರು ಬೇರೆ ಯಾವುದಿದೆ?

ಇನ್ನೂ ಒಂದು ಚಿಕ್ಕ ಉದಾಹರಣೆ. ಕತ್ತೆಯ ತಲೆ ಹೊತ್ತ ಬಾಟಮ್‌ನನ್ನು ಯಕ್ಷರಾಣಿ ಮೋಹಿಸಿ, ಅವನ ಸೇವೆಗೆ ನಾಲ್ವರು ಪುಟಾಣಿ ಯಕ್ಷರನ್ನು ನೇಮಿಸುತ್ತಾಳೆ. ಅವರಲ್ಲಿ ಒಬ್ಬನ ಹೆಸರು ಜೇಡರಬಲೆ, ಇನ್ನೊಬ್ಬನದು ಸಾಸಿವೆಕಾಳು. ಬೆರಳು ಕುಯ್ದುಕೊಂಡರೆ ನಿನ್ನ ನೆರವು ಪಡೆಯುತ್ತೇನೆ ಎಂದು ಬಾಟಮ್ ಜೇಡರಬಲೆಗೆ ಹೇಳುತ್ತಾನೆ. ಗಾಯಕ್ಕೆ ಜೇಡರ ಬಲೆ ಮೆತ್ತಿ ರಕ್ತ ನಿಲ್ಲಿಸುವ ಮನೆಮದ್ದು ನಮ್ಮ ಅಜ್ಜಿಯಂದಿರಿಗೂ ಗೊತ್ತಿತ್ತು. ಪಂಡಿತರಿಗೆ ಟಿಪ್ಪಣಿ ಬೇಕಾದಲ್ಲಿ ಹಳ್ಳಿಯ ಹುಡುಗನಿಗೆ ನೆನಪು ಸಾಕು.

ಯಾರನ್ನು ನೋಡಿ ನಗುವುದು?

ಕೊನೆಯ ಅಂಕದಲ್ಲಿ ನಾಟಕದೊಳಗಿನ ನಾಟಕ ನಡೆಯುತ್ತದೆ. ಇದು ನೋಡಲು ಯೋಗ್ಯವಲ್ಲ, ತಲೆಯಿಂದ ಎಂದೂ ಕೆಲಸ ಮಾಡದ ಕೂಲಿ ಜನರ ಆಟ ಎಂದು ಅರಮನೆಯ ಅಧಿಕಾರಿ ತಡೆಯುತ್ತಾನೆ. ಸರಳ ಮನಸ್ಸಿನಿಂದ, ಭಕ್ತಿಯಿಂದ ಕೊಟ್ಟದ್ದು ಎಂದೂ ಕೆಟ್ಟದ್ದಾಗದು ಎಂಬರ್ಥದ ಮಾತು ಹೇಳಿ ದೊರೆ ಅದನ್ನೇ ಆರಿಸುತ್ತಾನೆ. ಆದರೆ ನಾಟಕ ಶುರುವಾದ ಕೂಡಲೇ ಕುಲೀನರ ಕೊಂಕು ಮಾತು ಆರಂಭವಾಗುತ್ತದೆ. ಅದರಲ್ಲಿ ಮುಂದಾಗುವವರು ಹಿಂದಿನ ರಾತ್ರಿ ಕಾಡಿನಲ್ಲಿ ತಾವೇ ಹುಚ್ಚರಂತೆ ಓಡಾಡಿದ್ದ ಪ್ರೇಮಿಗಳು. ತಮ್ಮ ಮೂರ್ಖತನ ಅವರಿಗೆ ನೆನಪಿಲ್ಲ. ನೇಕಾರನದು ಮಾತ್ರ ಕಾಣುತ್ತದೆ. ಶುದ್ಧ ತಿಕ್ಕಲು ಎಂದು ಮೊದಲು ಬೇಸತ್ತ ಹಿಪಾಲಿಟಾ ಕೂಡ, ಪಿರಮಸ್ ಗೋಳಾಡುವಾಗ ಅವನ ಬಗ್ಗೆ ಕನಿಕರ ಪಡುತ್ತಾಳೆ.

ಇಲ್ಲಿ ವಿದ್ಯಾರ್ಥಿ ಯಾರ ಪಕ್ಕ ಕೂತು ನಗಬೇಕು? ತರಗತಿಯಲ್ಲಿ ನಾವು ಕೇಳಲೇಬೇಕಾದ ಪ್ರಶ್ನೆ ಇದು. ಅರಮನೆಯವರ ಪಕ್ಕ ಕೂರಿಸಿದರೆ, ಮಗ್ಗದ ಮನೆಯಿಂದ ಬಂದ ಹುಡುಗಿ ತನ್ನ ಅಪ್ಪನನ್ನು, ಕಲಾಯಿಯವರ ಮನೆಯ ಹುಡುಗ ತನ್ನ ಅಜ್ಜನನ್ನು ನೋಡಿ ನಗುವುದನ್ನು ಕಲಿಯುತ್ತಾರೆ. ಅಪ್ಪ ತಪ್ಪಾಗಿ ಆಡುವ ಇಂಗ್ಲಿಷಿಗೆ ನಾಚಿಕೊಳ್ಳುವುದನ್ನೂ ಅದರ ಜೊತೆಗೇ ಕಲಿಯುತ್ತಾರೆ. ವಿದ್ಯೆ ಕೊಡಬೇಕಾದ್ದು ಈ ನಾಚಿಕೆಯನ್ನಲ್ಲ.

ನಾಟಕವನ್ನು ಸರಿಯಾಗಿ ಓದಿದರೆ ಷೇಕ್ಸ್‌ಪಿಯರ್ ಬೇರೆಯದೇ ಹೇಳುತ್ತಿದ್ದಾನೆ. ಆ ರಾತ್ರಿ ಕಾಡಿಗೆ ಹೋದ ಮನುಷ್ಯರಲ್ಲಿ ಯಕ್ಷಲೋಕವನ್ನು ಕಣ್ಣಾರೆ ಕಂಡವನು ನೇಕಾರ ಬಾಟಮ್ ಒಬ್ಬನೇ. ದೊರೆಗೆ ಆ ಭಾಗ್ಯವಿಲ್ಲ, ಪ್ರೇಮಿಗಳಿಗೂ ಇಲ್ಲ. ರಾಣಿಯೇ ಒಲಿದು ಬಂದಾಗಲೂ ಅವನು ಬೀಗುವುದಿಲ್ಲ. ಸೇವಕರಾಗಿ ಬಂದ ಪುಟಾಣಿಗಳ ಹೆಸರು ಕೇಳಿ, ಒಬ್ಬೊಬ್ಬರನ್ನೂ ಮರ್ಯಾದೆಯಿಂದ ಮಾತಾಡಿಸುತ್ತಾನೆ. ಅಂಥ ಸೌಜನ್ಯ ಅರಮನೆಯ ಪ್ರೇಕ್ಷಕರಲ್ಲಿ ಕಾಣುವುದಿಲ್ಲ.

ಇದನ್ನು ಚೆನ್ನಾಗಿ ಅರಿತಿದ್ದವರು ರಂಗಕರ್ಮಿ ಹಬೀಬ್ ತನ್ವೀರ್. ರಾಯಪುರದಲ್ಲಿ ಹುಟ್ಟಿದ ಅವರು 1993ರಲ್ಲಿ ಈ ನಾಟಕವನ್ನು 'ಕಾಮದೇವ್ ಕಾ ಅಪ್ನಾ, ಬಸಂತ್ ಋತು ಕಾ ಸಪ್ನಾ' ಎಂಬ ಹೆಸರಿನಲ್ಲಿ ಛತ್ತೀಸ್‌ಗಢದ ಜಾನಪದ ಕಲಾವಿದರಿಂದ ಆಡಿಸಿದರು. ಕಸುಬುದಾರರಿಗೂ ಯಕ್ಷರಿಗೂ ಅಲ್ಲಿ ಪ್ರಾಧಾನ್ಯ. ಲ್ಯಾಂಬ್ ಪುಸ್ತಕ ಅಳಿಸಿಹಾಕಿದವರನ್ನು ತನ್ವೀರ್ ರಂಗದ ನಡುವೆ ತಂದು ನಿಲ್ಲಿಸಿದರು. ಹಳ್ಳಿಯ ನಟರು ಹಳ್ಳಿಯ ನಟರ ಪಾತ್ರ ಮಾಡಿದಾಗ ನಗೆ ಮೇಲಿನಿಂದ ಕೆಳಗೆ ಬೀಳುವುದಿಲ್ಲ. ಎಲ್ಲರ ನಡುವೆ ಹರಡಿಕೊಳ್ಳುತ್ತದೆ.

ನಮ್ಮ ಕಾಲೇಜುಗಳಲ್ಲಿ ಇದಕ್ಕೆ ದೊಡ್ಡ ರಂಗಮಂದಿರ ಬೇಕಿಲ್ಲ. ಬೆಂಚುಗಳನ್ನು ಬದಿಗೆ ಸರಿಸಿ, ಆರು ಮಂದಿಯನ್ನು ನಿಲ್ಲಿಸಿ, ತಾಲೀಮಿನ ದೃಶ್ಯವನ್ನು ಮೊದಲು ಅವರವರ ಮನೆಯ ಕನ್ನಡದಲ್ಲಿ, ಉರ್ದುವಿನಲ್ಲಿ, ತೆಲುಗಿನಲ್ಲಿ ಆಡಿಸಬಹುದು. ಆಮೇಲೆ ನಿಸಾರರ ಕನ್ನಡವನ್ನು ಓದಿಸಬಹುದು. ಕೊನೆಗೆ ಮೂಲ ಇಂಗ್ಲಿಷಿಗೆ ಹೋಗಬಹುದು. ಆ ಹೊತ್ತಿಗೆ ಇಂಗ್ಲಿಷ್ ಪುಟ ಅಪರಿಚಿತವಾಗಿ ಕಾಣದು. ಊರಿನಲ್ಲಿ ಕುರುಕ್ಷೇತ್ರ ಆಡಿದ ಹಿರಿಯರೊಬ್ಬರನ್ನು ಒಂದು ದಿನ ತರಗತಿಗೆ ಕರೆದು, ಅವರು ಪಾತ್ರ ಕಲಿತ ಬಗೆಯನ್ನು ಹೇಳಿಸಿದರೆ, ಯಾವ ಟಿಪ್ಪಣಿ ಪುಸ್ತಕವೂ ಕೊಡದ ವಿವರಣೆ ಸಿಗುತ್ತದೆ.

ಬೇರೆ ನಾಡಿನ ಶ್ರೇಷ್ಠ ಕೃತಿಯೊಂದು ನಮ್ಮ ಮಕ್ಕಳ ಕೈಗೆ ಬರುವುದು ಅವರ ಮನೆಯನ್ನು ಸಣ್ಣದು ಮಾಡಲಿಕ್ಕಲ್ಲ. 1871ರ ಚನ್ನಬಸಪ್ಪನವರಿಂದ ದೇವನಹಳ್ಳಿಯ ನಿಸಾರ್ ಅಹಮದರವರೆಗೆ ನಮ್ಮ ಹಿರಿಯರು ಅದನ್ನು ತಂದದ್ದು ಮನೆಯವರೆಲ್ಲ ಕೂತು ಹಂಚಿಕೊಳ್ಳಲಿ ಎಂದು. ದೊಡ್ಡಬಳ್ಳಾಪುರದ ಹುಡುಗಿ ಬಾಟಮ್‌ನ ದೃಶ್ಯವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದಾಗ, ಮಗ್ಗದ ಮುಂದೆ ಕೂತ ಅವಳ ತಂದೆಯೂ ನಕ್ಕರೆ, ಆ ಪಾಠ ಮುಟ್ಟಬೇಕಾದಲ್ಲಿಗೆ ಮುಟ್ಟಿತು ಎಂದು ತಿಳಿಯೋಣ.